ಹದಿನಾರು ಎಂದರೆ ಯಾವ ಹದಿನಾರು?

ನನ್ನ ಮೇಜಿನ ಮೇಲೆ ಮೂರು ಚೀಲಗಳಿವೆ. ಮೂರರ ಮೇಲೂ '16 ಮಿಮೀ' ಎಂದೇ ಅಚ್ಚಾಗಿದೆ. ಒಂದರಲ್ಲಿ ತೆಳು ಗೋಡೆಯ ಮೆತ್ತನೆಯ ಟ್ಯೂಬ್, ಇನ್ನೊಂದರಲ್ಲಿ ದಪ್ಪ ಗೋಡೆಯ ಮೆತ್ತನೆಯ ಟ್ಯೂಬ್, ಮತ್ತೊಂದರಲ್ಲಿ ಗಾಜಿನಂತೆ ಹೊಳೆಯುವ ಗಟ್ಟಿ ಅಕ್ರಿಲಿಕ್ ಟ್ಯೂಬ್. ಕ್ಯಾಲಿಪರ್ ಹಿಡಿದು ಹೊರಗಿನಿಂದ ಅಳೆದರೆ ಮೂರೂ ಹದಿನಾರೇ. ಆದರೂ ಒಂದಕ್ಕೆ ಹೊಂದುವ ಫಿಟ್ಟಿಂಗ್ (ಟ್ಯೂಬನ್ನು ಹಿಡಿದು ಜೋಡಿಸುವ ತುಂಡು) ಇನ್ನೆರಡಕ್ಕೆ ಹೊಂದುವುದಿಲ್ಲ. ಕಂಪ್ಯೂಟರನ್ನು ತಂಪಾಗಿಡಲು ತಾವೇ ನೀರಿನ ಲೂಪ್ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಎಡವುವುದು ಇಲ್ಲಿಯೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಪಂಪ್ ಎಲ್ಲವನ್ನೂ ತಿಂಗಳುಗಟ್ಟಲೆ ಓದಿ ಆರಿಸಿದವರು, ಟ್ಯೂಬ್ ಮತ್ತು ಫಿಟ್ಟಿಂಗನ್ನು ಬಣ್ಣ ನೋಡಿ ಕೊಂಡುಬಿಡುತ್ತಾರೆ.

ನಾನೂ ಹಾಗೆಯೇ ಮಾಡಿದ್ದೆ. ಮೊದಲ ಲೂಪಿಗೆ ತೆಳು ಗೋಡೆಯ ಟ್ಯೂಬನ್ನೂ ದಪ್ಪ ಗೋಡೆಯ ಟ್ಯೂಬಿನ ಫಿಟ್ಟಿಂಗನ್ನೂ ತರಿಸಿದೆ. ಸಲೀಸಾಗಿ ಕೂಡಿತು, ಟ್ಯೂಬನ್ನು ಅದುಮಿ ಹಿಡಿಯುವ ಕಾಲರ್ ಕೊನೆಯವರೆಗೂ ತಿರುಗಿತು, ನೋಡಲು ಅಚ್ಚುಕಟ್ಟಾಗಿತ್ತು. ತಣ್ಣನೆಯ ನೀರಿನಲ್ಲಿ ಒಂದು ಹನಿಯೂ ಸೋರಲಿಲ್ಲ. ಯಂತ್ರ ಎರಡು ತಾಸು ಬಿಸಿಯಾಗಿ ಓಡಿದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಬೆನ್ನಿನ ಮೇಲೆ ಒಂದು ಹನಿ ಕಂಡಿತು. ಕಾರ್ಡ್ ಉಳಿದುಕೊಂಡಿತು. ಆ ಹನಿ ಏಕೆ ಬಂತು ಎಂದು ತಿಳಿಯಲು ಹೋಗಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೂಪ್ ಎಂದರೆ ಸರಳ ಸುತ್ತು. ಪಂಪ್ ನೀರನ್ನು ತಳ್ಳುತ್ತದೆ. ನೀರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪಿನ ಮೇಲೆ ಕುಳಿತ ತಾಮ್ರದ ಬ್ಲಾಕುಗಳ ಮೂಲಕ ಹಾದು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಬಿಸಿಯನ್ನು ಕೊಟ್ಟು ರಿಸರ್ವಾಯರಿಗೆ, ಅಂದರೆ ನೀರಿನ ತೊಟ್ಟಿಗೆ, ಮರಳುತ್ತದೆ. ಈ ಪ್ರತಿಯೊಂದು ಭಾಗಕ್ಕೂ ನೀರು ಒಳಬರಲು ಒಂದು ತೂತು, ಹೊರಹೋಗಲು ಒಂದು ತೂತು. ಪ್ರತಿ ತೂತಿನಲ್ಲೂ ಒಂದು ಫಿಟ್ಟಿಂಗ್. ಫಿಟ್ಟಿಂಗಿಗೆ ಎರಡು ತುದಿಗಳಿವೆ: ಬ್ಲಾಕಿಗೆ ತಿರುಗಿಸಿ ಕೂರಿಸುವ ತುದಿ, ಟ್ಯೂಬನ್ನು ಹಿಡಿಯುವ ತುದಿ. ಮೊದಲನೆಯದು ಹೆಚ್ಚು ಕಡಿಮೆ ಜಗತ್ತಿನಾದ್ಯಂತ ಒಂದೇ. ಎರಡನೆಯದು ಹಾಗಲ್ಲ. ಒಂದು ತುದಿ ಹೊಂದಿತು ಎಂಬ ಸಮಾಧಾನದಲ್ಲಿ ನಾವು ಇನ್ನೊಂದನ್ನು ಮರೆಯುತ್ತೇವೆ.

ಹೊಂದುವ ತುದಿಯಿಂದಲೇ ಆರಂಭಿಸೋಣ. ಅದರ ಹೆಸರು ಜಿ 1/4. ಕಾಲು ಇಂಚು ಎಂದರೆ 6.35 ಮಿಮೀ ಆಗಬೇಕು, ಆದರೆ ಅಳೆದರೆ ಥ್ರೆಡ್ಡಿನ ಹೊರವ್ಯಾಸ 13.157 ಮಿಮೀ. ಈ ಲೆಕ್ಕ ಎಲ್ಲರನ್ನೂ ಗೊಂದಲಕ್ಕೆ ದೂಡುತ್ತದೆ. ಕಾರಣ ಹಳೆಯದು: ಬ್ರಿಟನ್ನಿನ ಕಬ್ಬಿಣದ ಪೈಪುಗಳನ್ನು ಒಳಗಿನ ತೂತಿನ ಅಳತೆಯಿಂದ ಕರೆಯುತ್ತಿದ್ದರು, ಥ್ರೆಡ್ ಮಾತ್ರ ಹೊರಮೈಯಲ್ಲಿರುತ್ತಿತ್ತು. ಪೈಪಿನ ಗೋಡೆ ದಪ್ಪವಾಗಿದ್ದರಿಂದ ಹೆಸರಿಗೂ ಅಳತೆಗೂ ಇಷ್ಟು ಅಂತರ. ಇದು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿ ಕೋನದ ಥ್ರೆಡ್ಡಿನ ವಂಶ. ಇಂಚಿಗೆ 19 ಸುತ್ತು. ನಮ್ಮ ಮನೆಯ ನಲ್ಲಿ, ಪೈಪುಗಳ ಥ್ರೆಡ್ಡೂ ಇದೇ ಕುಟುಂಬಕ್ಕೆ ಸೇರಿದ್ದು.

ಆ ನಂಟೇ ಒಂದು ಅಪಾಯವನ್ನೂ ತಂದಿಟ್ಟಿದೆ. ನಲ್ಲಿ ಕೆಲಸದಲ್ಲಿ ನೀರನ್ನು ತಡೆಯುವುದು ಥ್ರೆಡ್ಡೇ; ಅದಕ್ಕಾಗಿಯೇ ಪ್ಲಂಬರುಗಳು ಟೆಫ್ಲಾನ್ ಟೇಪ್ ಸುತ್ತಿ ಸ್ಪ್ಯಾನರ್ ಹಾಕಿ ಬಿಗಿಯುತ್ತಾರೆ. ಜಿ 1/4 ಫಿಟ್ಟಿಂಗಿನಲ್ಲಿ ಥ್ರೆಡ್ ನೀರನ್ನು ತಡೆಯುವುದೇ ಇಲ್ಲ. ಅದರ ಕೆಲಸ ಫಿಟ್ಟಿಂಗನ್ನು ಎಳೆದು ಹಿಡಿಯುವುದಷ್ಟೇ. ನೀರನ್ನು ತಡೆಯುವುದು ಬುಡದಲ್ಲಿರುವ ರಬ್ಬರಿನ ಓ-ರಿಂಗ್. ಅದು ಸಮತಟ್ಟಾದ ಮೇಲ್ಮೈಗೆ ಒತ್ತಿಕೊಂಡರೆ ಸಾಕು. ಆದ್ದರಿಂದ ಕೈಯಿಂದ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಟೇಪ್ ಸುತ್ತಿದರೆ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ಅದರ ಚೂರುಗಳು ಒಳಗೆ ಹೋಗಿ ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಬ್ಲಾಕ್ ಬಿರಿಯುತ್ತದೆ.

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಗಾಳಿ ಒತ್ತಡದ ಯಂತ್ರಗಳಿಗೆ ಬಳಸುವ ಕಾಲು ಇಂಚು ಬಿಎಸ್‌ಪಿ (ಅದೇ ಬ್ರಿಟಿಷ್ ಪೈಪ್ ಥ್ರೆಡ್ಡಿನ) ಫಿಟ್ಟಿಂಗುಗಳು ಅಗ್ಗಕ್ಕೆ ಸಿಗುತ್ತವೆ. ಕಂಪ್ಯೂಟರಿನ ಫಿಟ್ಟಿಂಗಿನ ಬೆಲೆ ನೋಡಿದವರಿಗೆ ಇವುಗಳ ಮೇಲೆ ಆಸೆಯಾಗುವುದು ಸಹಜ. ಆದರೆ ಅವುಗಳಲ್ಲಿ ಬಹಳಷ್ಟು ಆರ್ 1/4, ಎಂದರೆ ತುದಿಗೆ ಹೋದಂತೆ ಸಣ್ಣಗಾಗುವ ಓರೆ ಥ್ರೆಡ್. ಇದಕ್ಕೂ ಇಂಚಿಗೆ 19 ಸುತ್ತೇ, ಆದ್ದರಿಂದ ಜಿ 1/4 ತೂತಿಗೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಮುಂದೆ ಅದು ಬೆಣೆಯಂತೆ ಹೊಗುತ್ತದೆ. ಉಳಿ ಹೊಡೆದ ಕಟ್ಟಿಗೆಗೆ ಆಗುವುದೇ ಅಕ್ರಿಲಿಕ್ಕಿಗೂ ಆಗುತ್ತದೆ. ಅಮೆರಿಕದ ಎನ್‌ಪಿಟಿ ಥ್ರೆಡ್ ಇನ್ನೂ ದೂರದ್ದು: 60 ಡಿಗ್ರಿ ಕೋನ, ಇಂಚಿಗೆ 18 ಸುತ್ತು, ಅದೂ ಓರೆಯೇ. ಬಲವಂತ ಮಾಡಿದರೆ ತೂತಿನ ಥ್ರೆಡ್ ಹಾಳು. ನೇರ ಥ್ರೆಡ್ಡೇ ಆಗಿದ್ದರೂ ಅದರ ಉದ್ದ ಗಮನಿಸಿ. ಕಂಪ್ಯೂಟರ್ ಫಿಟ್ಟಿಂಗುಗಳಲ್ಲಿ ಸಾಮಾನ್ಯವಾಗಿ ಸುಮಾರು 5 ಮಿಮೀ ಇರುತ್ತದೆ. ಅದಕ್ಕಿಂತ ಬಹಳ ಉದ್ದವಿದ್ದರೆ ತುದಿ ತೂತಿನ ತಳಕ್ಕೆ ತಾಗಿ, ಓ-ರಿಂಗ್ ಒತ್ತಿಕೊಳ್ಳುವ ಮೊದಲೇ ನಿಂತುಬಿಡುತ್ತದೆ.

ಈಗ ಟ್ಯೂಬ್ ಹಿಡಿಯುವ ತುದಿ. ಮೆತ್ತನೆಯ ಟ್ಯೂಬಿಗೆ ಎರಡು ಬಗೆ. ಬಾರ್ಬ್ ಎಂಬುದು ಹೊರಮೈಯಲ್ಲಿ ಏಣುಗಳಿರುವ ಮೂತಿ. ಟ್ಯೂಬನ್ನು ಅದರ ಮೇಲೆ ಒತ್ತಿ ಏರಿಸಿ ಕ್ಲಿಪ್ ಹಾಕುವುದು. ನೋಡಲು ಚೆಂದವಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ. ಇದಕ್ಕೆ ಟ್ಯೂಬಿನ ಒಳವ್ಯಾಸವೊಂದೇ ಮುಖ್ಯ. ಹೊರವ್ಯಾಸಕ್ಕೆ ತಕ್ಕ ಕ್ಲಿಪ್ ಎಲ್ಲಿಯಾದರೂ ಸಿಗುತ್ತದೆ. ಎರಡನೆಯದು ಕಂಪ್ರೆಷನ್ ಫಿಟ್ಟಿಂಗ್. ಇದರೊಳಗೂ ಬಾರ್ಬ್ ಇದೆ, ಆದರೆ ಕ್ಲಿಪ್ಪಿನ ಬದಲು ಒಂದು ಕಾಲರ್ ಟ್ಯೂಬಿನ ಮೇಲಿಂದ ಇಳಿದು ಥ್ರೆಡ್ಡಿಗೆ ತಿರುಗಿ ಟ್ಯೂಬಿನ ಗೋಡೆಯನ್ನು ಒಳಗಿನ ಮೂತಿಗೆ ಅದುಮುತ್ತದೆ. ಅಂದರೆ ಟ್ಯೂಬಿನ ಗೋಡೆ ಇಕ್ಕಳದ ಎರಡು ಬಾಯಿಗಳ ನಡುವೆ ಸಿಕ್ಕಂತೆ. ಒಳಬಾಯಿಯ ಅಳತೆ ಟ್ಯೂಬಿನ ಒಳವ್ಯಾಸಕ್ಕೆ, ಹೊರಬಾಯಿಯ ಅಳತೆ ಹೊರವ್ಯಾಸಕ್ಕೆ ಹೊಂದಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಿಡಿತವಿಲ್ಲ.

ಆದ್ದರಿಂದ ಮೆತ್ತನೆಯ ಟ್ಯೂಬನ್ನು ಯಾವಾಗಲೂ ಎರಡು ಅಂಕಿಗಳಲ್ಲಿ ಹೇಳಬೇಕು. ಚಾಲ್ತಿಯಲ್ಲಿರುವವು ನಾಲ್ಕು: 10/13, 10/16, 13/16, 13/19. ಮೊದಲ ಅಂಕಿ ಒಳಗಿನದು, ಎರಡನೆಯದು ಹೊರಗಿನದು. ಇವೆಲ್ಲ ಇಂಚಿನ ಅಳತೆಗಳನ್ನು ದುಂಡು ಮಾಡಿದ ಅಂಕಿಗಳು. 10/16 ಎಂದು ಮಾರುವುದು ನಿಜಕ್ಕೂ 3/8 ಮತ್ತು 5/8 ಇಂಚು, ಅಂದರೆ 9.5 ಮತ್ತು 15.9 ಮಿಮೀ. 13/19 ಎಂದರೆ ಅರ್ಧ ಮತ್ತು ಮುಕ್ಕಾಲು ಇಂಚು, 12.7 ಮತ್ತು 19.05 ಮಿಮೀ. ಮೆತ್ತನೆಯ ಟ್ಯೂಬ್ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಅದು ನುಂಗಿಕೊಳ್ಳುತ್ತದೆ. 3 ಮಿಲಿಮೀಟರಿನ ವ್ಯತ್ಯಾಸವನ್ನು ನುಂಗಲಾರದು.

ನನ್ನ ಲೂಪಿನಲ್ಲಿ ಆದದ್ದು ಅದೇ. 13/16 ಟ್ಯೂಬ್, 10/16 ಫಿಟ್ಟಿಂಗ್. ಹೊರವ್ಯಾಸ ಒಂದೇ ಆದ್ದರಿಂದ ಕಾಲರ್ ಸಲೀಸಾಗಿ ಇಳಿಯಿತು. ಒಳಗೆ 13 ಮಿಮೀ ಬಾಯಿಯ ಟ್ಯೂಬ್ 10 ಮಿಮೀ ಮೂತಿಯ ಸುತ್ತ ಸಡಿಲವಾಗಿ ನಿಂತಿತ್ತು. ಗೋಡೆಯ ದಪ್ಪ 3 ಮಿಮೀ ಇರಬೇಕಾದ ಜಾಗದಲ್ಲಿ ಇದ್ದದ್ದು ಒಂದೂವರೆ. ತಣ್ಣಗಿದ್ದಾಗ ಹೇಗೋ ತಡೆದದ್ದು, ಟ್ಯೂಬ್ ಬಿಸಿಯಾಗಿ ಮೆದುವಾದ ಮೇಲೆ ತಡೆಯಲಿಲ್ಲ. ಇದರ ವಿರುದ್ಧದ ತಪ್ಪು, ಅಂದರೆ 10/16 ಟ್ಯೂಬನ್ನು 13/16 ಫಿಟ್ಟಿಂಗಿಗೆ ಏರಿಸುವುದು, ಅಷ್ಟು ಅಪಾಯಕಾರಿಯಲ್ಲ. ಏಕೆಂದರೆ ಅದು ಕೂಡುವುದೇ ಇಲ್ಲ. ಟ್ಯೂಬನ್ನು ಬಿಸಿನೀರಿನಲ್ಲಿ ಅದ್ದಿ ಬಲವಂತವಾಗಿ ಏರಿಸಿದರೂ ಅದು ಉಬ್ಬಿ ನಿಂತು ಕಾಲರ್ ಥ್ರೆಡ್ಡನ್ನು ಮುಟ್ಟುವುದಿಲ್ಲ. ಕೂಡದ ತಪ್ಪು ಹಣವನ್ನಷ್ಟೇ ಕಳೆಯುತ್ತದೆ. ಕೂಡುವ ತಪ್ಪಿಗೆ ಹೆದರಬೇಕು.

ಗಟ್ಟಿ ಟ್ಯೂಬಿನ ಲೋಕವೇ ಬೇರೆ. ಇಲ್ಲಿ ಒಳಗೆ ಹೋಗುವ ಮೂತಿ ಇಲ್ಲ. ಟ್ಯೂಬೇ ಫಿಟ್ಟಿಂಗಿನ ಒಳಗೆ ಹೋಗುತ್ತದೆ. ಒಂದೋ ಎರಡೋ ಓ-ರಿಂಗುಗಳು ಅದನ್ನು ಹೊರಗಿನಿಂದ ಸುತ್ತಿ ಹಿಡಿಯುತ್ತವೆ. ಆದ್ದರಿಂದ ಹೊರವ್ಯಾಸವೊಂದೇ ಲೆಕ್ಕ: 12, 14 ಅಥವಾ 16 ಮಿಮೀ. ಒಳವ್ಯಾಸ ಎಷ್ಟಾದರೂ ಇರಲಿ. ಆದರೆ ಆ ಒಂದು ಅಳತೆಯಲ್ಲಿ ಕ್ಷಮೆಯೇ ಇಲ್ಲ. ಇಂಚಿನ ಅಳತೆಯ ಗಟ್ಟಿ ಟ್ಯೂಬ್‌ಗಳೂ ಇವೆ; ಅರ್ಧ ಇಂಚಿನದು 12.7 ಮಿಮೀ, ಅದು 12ರ ಫಿಟ್ಟಿಂಗಿಗೆ ಹೋಗದು. ತಿರುವುಮುರುವಾಗಿ 12ರ ಟ್ಯೂಬ್ 12.7ರ ಫಿಟ್ಟಿಂಗಿಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಇನ್ನು 16 ಮಿಮೀ ಗಟ್ಟಿ ಟ್ಯೂಬಿನ ಫಿಟ್ಟಿಂಗಿಗೆ 10/16 ಮೆತ್ತನೆಯ ಟ್ಯೂಬ್ ಹಾಕುವುದು ಎಂದೂ ಸಲ್ಲದು. ಓ-ರಿಂಗ್ ಒತ್ತಿದಾಗ ಗಟ್ಟಿ ಟ್ಯೂಬ್ ಎದುರು ನಿಲ್ಲುತ್ತದೆ, ಮೆತ್ತನೆಯದು ಒಳಕ್ಕೆ ಕುಗ್ಗುತ್ತದೆ. ಕೊಳ್ಳುವ ಪುಟದಲ್ಲಿ 'ಹಾರ್ಡ್' ಅಥವಾ 'ಸಾಫ್ಟ್' ಎಂಬ ಪದವಿಲ್ಲದೆ ಬರೀ '16 ಮಿಮೀ' ಎಂದಿದ್ದರೆ ಚಿತ್ರ ನೋಡಿ: ಒಳಗೆ ಮೂತಿ ಕಂಡರೆ ಮೆತ್ತನೆಯ ಟ್ಯೂಬಿಗೆ, ಬರೀ ಕುಣಿ ಕಂಡರೆ ಗಟ್ಟಿ ಟ್ಯೂಬಿಗೆ.

ಗಟ್ಟಿ ಟ್ಯೂಬಿನ ತುದಿಯನ್ನು ಕತ್ತರಿಸಿದ ಮೇಲೆ ಅಂಚನ್ನು ಉಜ್ಜಿ ದುಂಡಗೆ ಮಾಡಲೇಬೇಕು. ಚೂಪಾದ ಅಂಚು ಒಳಹೋಗುವಾಗ ಓ-ರಿಂಗನ್ನು ಕೊಯ್ದುಬಿಡುತ್ತದೆ, ಆ ಗಾಯ ಹೊರಗೆ ಕಾಣುವುದಿಲ್ಲ. ಟ್ಯೂಬ್ ಓರೆಯಾಗಿ ಹೋಗಬಾರದು. ಬಗ್ಗಿಸಿದ ಕೋನ ಸ್ವಲ್ಪ ತಪ್ಪಿದ್ದರೂ ಅದನ್ನು ಎಳೆದು ಕೂರಿಸಬೇಡಿ, ಇನ್ನೊಂದು ತುಂಡು ಬಗ್ಗಿಸಿ. ಬಗ್ಗಿಸುವಾಗ ಟ್ಯೂಬಿನೊಳಗೆ ತೂರಿಸುವ ಸಿಲಿಕೋನ್ ಹಗ್ಗದ ದಪ್ಪ ಟ್ಯೂಬಿನ ಒಳವ್ಯಾಸಕ್ಕೆ ಹೊಂದಬೇಕು, ಇಲ್ಲವಾದರೆ ತಿರುವಿನಲ್ಲಿ ಟ್ಯೂಬ್ ಚಪ್ಪಟೆಯಾಗುತ್ತದೆ. ಫಿಟ್ಟಿಂಗಿಗೆ ಬೇಡವಾದ ಒಳವ್ಯಾಸ ಇಲ್ಲಿ ಬೇಕಾಗುತ್ತದೆ.

ದಪ್ಪ ಟ್ಯೂಬಿನಲ್ಲಿ ನೀರು ಹೆಚ್ಚು ಹರಿದು ಹೆಚ್ಚು ತಂಪಾಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 4 ಲೀಟರ್ ನೀರು ಹರಿಯುತ್ತಿದೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸೇರಿ 400 ವಾಟ್ ಬಿಸಿ ಕೊಡುತ್ತಿವೆ ಎಂದುಕೊಳ್ಳಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. ಸೆಕೆಂಡಿಗೆ ಹರಿಯುವ ನೀರು 67 ಗ್ರಾಂ. ಅಂದರೆ ಎರಡೂ ಬ್ಲಾಕುಗಳನ್ನು ದಾಟಿದ ನೀರಿನ ಬಿಸಿ ಏರುವುದು ಬರೀ 1.4 ಡಿಗ್ರಿ. ಹರಿವು ಇನ್ನಷ್ಟು ಹೆಚ್ಚಿದರೂ ಉಳಿಸಲು ಇರುವುದು ಆ ಒಂದೂಕಾಲು, ಒಂದೂವರೆ ಡಿಗ್ರಿಯೇ. ಅದೂ ಅಲ್ಲದೆ ಜಿ 1/4 ತೂತಿನ ಥ್ರೆಡ್ಡಿನ ಒಳ ಅಳತೆ 11.445 ಮಿಮೀ. ಅದರೊಳಗೆ ಕೂರುವ ಫಿಟ್ಟಿಂಗಿನ ದಾರಿ ಇನ್ನೂ ಕಿರಿದು. 13 ಮಿಮೀ ಟ್ಯೂಬಿನಲ್ಲಿ ಬಂದ ನೀರೂ ಕೊನೆಗೆ ಅದೇ ಕೊರಳಿನಲ್ಲಿ ನುಸುಳಬೇಕು, ಆಮೇಲೆ ಬ್ಲಾಕಿನ ಸಣ್ಣ ಸಂದುಗಳಲ್ಲಿ ಹಾಯಬೇಕು. ಹರಿವನ್ನು ನಿಜವಾಗಿ ತಡೆಯುವುದು ಆ ಸಂದುಗಳು. ಆದ್ದರಿಂದ ಹರಿವಿನ ಆಸೆಗೆ ಟ್ಯೂಬಿನ ಅಳತೆ ಆರಿಸಬೇಡಿ. ಪೆಟ್ಟಿಗೆಯೊಳಗೆ ಎಷ್ಟು ಬಾಗಬೇಕು ಎಂಬುದನ್ನು ನೋಡಿ ಆರಿಸಿ.

ಬಾಗುವ ವಿಷಯದಲ್ಲಿ ಗೋಡೆಯ ದಪ್ಪವೇ ಎಲ್ಲ. 10/13 ಮತ್ತು 13/16 ಎರಡಕ್ಕೂ ಗೋಡೆ ಒಂದೂವರೆ ಮಿಮೀ. 13/16ರಲ್ಲಿ ಬಾಯಿ ಅಗಲ, ಗೋಡೆ ತೆಳು. ಸ್ವಲ್ಪ ಹೆಚ್ಚು ಬಾಗಿಸಿದರೂ ನಡುವೆ ಮಡಚಿ ನೀರಿನ ದಾರಿ ಮುಚ್ಚುತ್ತದೆ. 10/16ರ ಗೋಡೆ 3 ಮಿಮೀ, ಬಾಯಿ ಕಿರಿದು. ಸಣ್ಣ ತಿರುವಿನಲ್ಲೂ ದುಂಡಗೇ ಉಳಿಯುತ್ತದೆ. ಮೊದಲ ಬಾರಿ ಲೂಪ್ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. 13/19 ಕೂಡ ಮಡಚುವುದಿಲ್ಲ, ಆದರೆ ಅದರ ಕಾಲರ್ ಬಹಳ ದಪ್ಪ. ಗ್ರಾಫಿಕ್ಸ್ ಬ್ಲಾಕಿನ ಅಕ್ಕಪಕ್ಕದ ಎರಡು ತೂತುಗಳಿಗೆ ಎರಡು ಕಾಲರ್ ಕೂರುವುದಿಲ್ಲದೇ ಹೋಗಬಹುದು. ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಎಷ್ಟಿದೆ ಎಂದು ಅಳೆದು, ಕಾಲರಿನ ಹೊರವ್ಯಾಸದೊಂದಿಗೆ ಹೋಲಿಸಿ. ತಿರುವು ತೀರಾ ಕಿರಿದಾದ ಕಡೆ 45 ಅಥವಾ 90 ಡಿಗ್ರಿಯ ಮೊಣಕೈ ಬಳಸಬಹುದು. ಅವುಗಳಲ್ಲಿ ತಿರುಗುವ ಬಗೆಯವು ಅನುಕೂಲ, ಆದರೆ ತಿರುಗುವ ಪ್ರತಿ ಸಂದಿಗೂ ಒಳಗೆ ಇನ್ನೊಂದು ಓ-ರಿಂಗ್ ಇದೆ, ಸೋರಲು ಇನ್ನೊಂದು ಜಾಗವಿದೆ. ಒಂದರ ಬಾಲಕ್ಕೆ ಇನ್ನೊಂದು ಪೋಣಿಸಿ ಮೂರು ನಾಲ್ಕು ಮೊಣಕೈಗಳ ಸರ ಮಾಡಬೇಡಿ.

ಅಳತೆ ಹೊಂದಿತು ಎನ್ನೋಣ. ವಸ್ತು ಹೊಂದಬೇಕಲ್ಲ. ಪಾರದರ್ಶಕ ಮೆತ್ತನೆಯ ಟ್ಯೂಬ್ ಬಹುಪಾಲು ಪಿವಿಸಿ. ಪಿವಿಸಿ ಹುಟ್ಟಿನಿಂದ ಗಟ್ಟಿ. ಅದನ್ನು ಮೆದುಗೊಳಿಸಲು ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಬಿಸಿ ನೀರು ತಿಂಗಳುಗಟ್ಟಲೆ ಹರಿದಂತೆ ಅದು ನಿಧಾನವಾಗಿ ಹೊರಬರುತ್ತದೆ. ಟ್ಯೂಬ್ ಮಂಜಾಗುತ್ತದೆ, ಗಡುಸಾಗುತ್ತದೆ. ಹೊರಬಂದದ್ದು ಬ್ಲಾಕಿನ ಸಂದುಗಳಲ್ಲಿ ಅಂಟಿನಂತೆ ಕೂರುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಲು ಹೋಗುವವರಿದ್ದಾರೆ. ಮಟ್ಟ ನೋಡಲು ಅದು ಅಪ್ಪಟ ಸಾಧನ. ಒಂದು ತಾಸಿನ ಕೆಲಸಕ್ಕೆ ಮಾಡಿದ್ದು ಅದು, ವರ್ಷವಿಡೀ ಬಿಸಿ ನೀರಿಗೆ ಅಲ್ಲ. ಕಪ್ಪು ಇಪಿಡಿಎಂ ರಬ್ಬರಿನ ಟ್ಯೂಬ್ ಒಳಗಿನ ನೀರನ್ನು ತೋರಿಸುವುದಿಲ್ಲ, ಬಣ್ಣದ ದೀಪಗಳಿಗೆ ಹೊಳೆಯುವುದಿಲ್ಲ, ಆದರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ನನ್ನ ಈಗಿನ ಲೂಪ್ ಪೂರ್ತಿ ಅದೇ. ಸಿಲಿಕೋನ್ ಬಿಸಿಗೆ ಗಟ್ಟಿಗ, ಆದರೆ ಅದರ ಗೋಡೆಯ ಮೂಲಕ ನೀರಿನ ಆವಿ ಹೊರಹೋಗುವುದರಿಂದ ಆಗಾಗ ನೀರು ತುಂಬಬೇಕಾಗುತ್ತದೆ.

ಗಟ್ಟಿ ಟ್ಯೂಬಿನಲ್ಲಿ ಪೈಪೋಟಿ ಪಿಇಟಿಜಿ ಮತ್ತು ಅಕ್ರಿಲಿಕ್ ಎಂಬ ಎರಡು ಪ್ಲಾಸ್ಟಿಕ್‌ಗಳ ನಡುವೆ. ಪಿಇಟಿಜಿ ಬಗ್ಗಿಸಲು ಸುಲಭ, ಬಿದ್ದರೆ ಒಡೆಯುವುದಿಲ್ಲ, ಕಟ್ಟರಿನಿಂದ ಕತ್ತರಿಸಬಹುದು. ಆದರೆ ಸುಮಾರು 80 ಡಿಗ್ರಿಗೆ ಅದು ಮೆದುವಾಗುತ್ತದೆ. ಅಕ್ರಿಲಿಕ್‌ಗೆ ಸುಮಾರು 105 ಡಿಗ್ರಿ ಬೇಕು. ಫಿಟ್ಟಿಂಗಿನ ಓ-ರಿಂಗ್ ಸುತ್ತಲೂ ಒತ್ತಿ ಹಿಡಿದಿರುವಾಗ ಪಿಇಟಿಜಿ 80ರವರೆಗೂ ಕಾಯುವುದಿಲ್ಲ, ಮೊದಲೇ ನಿಧಾನವಾಗಿ ಕುಗ್ಗತೊಡಗುತ್ತದೆ. ಇಲ್ಲಿ ನಮ್ಮ ಊರಿನ ಬಿಸಿಲಿನ ಮಾತು ಬರುತ್ತದೆ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೆಲಸದ ಹೊತ್ತಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ 10 ರಿಂದ 15 ಡಿಗ್ರಿ ಮೇಲಿರುತ್ತದೆ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ ನೀರು 40ರ ಆಸುಪಾಸು. ಮೇ ತಿಂಗಳಿನ ಕಲಬುರಗಿ, ರಾಯಚೂರಿನಲ್ಲಿ ಎಸಿ ಇಲ್ಲದ ಕೋಣೆಯೇ 40 ಮುಟ್ಟಿದರೆ ನೀರು 50 ದಾಟುತ್ತದೆ. ಲೂಪುಗಳಲ್ಲಿ ಹೆಚ್ಚಾಗಿ ಬಳಸುವ ಡಿ5 ಪಂಪಿಗೂ 60 ಡಿಗ್ರಿ ಮೇಲ್ಮಿತಿ. ಅಂಥ ಊರುಗಳಲ್ಲಿ ಪಿಇಟಿಜಿ ಬೇಡ. ಅಕ್ರಿಲಿಕ್ ಅಥವಾ ಇಪಿಡಿಎಂ ಹಾಕಿ. ಪಿವಿಸಿ ಟ್ಯೂಬ್ ಕೂಡ ಬಿಸಿಗೆ ಮೆದುವಾಗಿ, ಕಟ್ಟಿದ ದಿನ ಸರಿಯಿದ್ದ ತಿರುವು ಬೇಸಿಗೆಯಲ್ಲಿ ಮಡಚುವುದುಂಟು.

ಅಕ್ರಿಲಿಕ್‌ಗೆ ಬೇರೊಂದು ಶತ್ರು ಇದೆ: ಆಲ್ಕೋಹಾಲ್. ಐಸೊಪ್ರೊಪೈಲ್‌ನಿಂದ ಒರೆಸಿದರೆ ಬಗ್ಗಿಸಿದ ಜಾಗಗಳಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಸೋಪಿನ ನೀರು ಸಾಕು. ಪಿಇಟಿಜಿಯ ವಿಷಯದಲ್ಲಿ ಗ್ಲೈಕಾಲ್ ಹೆಚ್ಚಿರುವ ಕೂಲಂಟ್ (ಲೂಪಿಗೆ ತುಂಬುವ ದ್ರವ) ಬಗ್ಗೆ ಕೆಲವು ತಯಾರಕರು ಎಚ್ಚರಿಸುತ್ತಾರೆ. ಬಾಟಲಿಯ ಮೇಲಿನದನ್ನು ಓದಿಯೇ ಸುರಿಯಿರಿ.

ಲೋಹದಲ್ಲಿ ನಿಯಮ ಒಂದೇ: ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ ಇವು ಒಟ್ಟಿಗೆ ಇರಬಹುದು, ನೀರು ತಾಗುವ ಜಾಗದಲ್ಲಿ ಅಲ್ಯೂಮಿನಿಯಂ ಇರಬಾರದು. ಒಂದೇ ನೀರಿನಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಇದ್ದರೆ ಅದು ಬ್ಯಾಟರಿಯ ಸೆಲ್ಲಿನಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಹಳೆಯ ರೆಡಿಮೇಡ್ ಕೂಲರಿನ ರೇಡಿಯೇಟರನ್ನು ಬಿಚ್ಚಿ ತಾಮ್ರದ ಲೂಪಿಗೆ ಸೇರಿಸಬೇಡಿ ಎನ್ನುವುದು ಇದಕ್ಕೇ; ಅವು ಬಹುಪಾಲು ಅಲ್ಯೂಮಿನಿಯಂ. ಹೊರಗಿನ ಕಾಲರ್ ಅಲ್ಯೂಮಿನಿಯಂ ಆಗಿದ್ದರೆ ಚಿಂತೆಯಿಲ್ಲ, ಅದಕ್ಕೆ ನೀರು ತಾಗುವುದಿಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆರ್‌ಒ ಯಂತ್ರದ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಲವಣ ತೆಗೆದ ಡಿಸ್ಟಿಲ್ಡ್ ನೀರಿಗೆ ಪಾಚಿ ಮತ್ತು ತುಕ್ಕು ತಡೆಯುವ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸುವುದು ಅಗ್ಗದ, ಸರಿಯಾದ ದಾರಿ.

ಕೊಳ್ಳುವ ಮೊದಲು ಕಾಗದದ ಮೇಲೆ ಲೂಪ್ ಬರೆದು ತೂತುಗಳನ್ನು ಎಣಿಸಿ. ಪ್ರೊಸೆಸರ್ ಬ್ಲಾಕ್, ಗ್ರಾಫಿಕ್ಸ್ ಬ್ಲಾಕ್, ಒಂದು ರೇಡಿಯೇಟರ್, ಪಂಪ್ ಕೂಡಿದ ರಿಸರ್ವಾಯರ್ ಎಂದರೆ ನಾಲ್ಕು ಭಾಗ, ಎಂಟು ಫಿಟ್ಟಿಂಗ್. ನೀರು ಬಸಿಯಲು ಅತಿ ತಗ್ಗಿನ ಜಾಗದಲ್ಲಿ ಒಂದು ವಾಲ್ವ್ ಮತ್ತು ಅದಕ್ಕೆ ಕವಲು ಸೇರಿಸಿ. ಎರಡು ಫಿಟ್ಟಿಂಗ್ ಹೆಚ್ಚೇ ತರಿಸಿ. ಟ್ಯೂಬ್ ಮತ್ತು ಫಿಟ್ಟಿಂಗ್ ಒಂದೇ ತಯಾರಕರದ್ದಾದರೆ ಅಳತೆಯ ಅನುಮಾನ ಉಳಿಯುವುದಿಲ್ಲ. ಬೇರೆ ಬೇರೆಯಾದರೆ ಒಂದೊಂದು ತರಿಸಿ ಕೂರಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಹಣ ಕಟ್ಟಿ.

ಕಟ್ಟಿದ ಮೇಲೆ ನೀರಿಗಿಂತ ಮೊದಲು ಗಾಳಿ. ಮಾಪಕವಿರುವ ಕೈಪಂಪಿನಿಂದ ಸುಮಾರು ಅರ್ಧ ಬಾರ್ ಒತ್ತಡ ತುಂಬಿ ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯದಿದ್ದರೆ ನೀರು ತುಂಬಿಸಿ, ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ ಪಂಪನ್ನು ಮಾತ್ರ ಓಡಿಸಿ, ಪ್ರತಿ ಫಿಟ್ಟಿಂಗಿನ ಕೆಳಗೂ ಟಿಶ್ಯೂ ಕಾಗದ ಇಡಿ. ನನ್ನ ಲೂಪ್ ಈ ಪರೀಕ್ಷೆಯಲ್ಲಿ ಗೆದ್ದೂ ಆಮೇಲೆ ಸೋರಿತ್ತು ಎಂಬುದು ನೆನಪಿರಲಿ. ಆದ್ದರಿಂದ ಮೆತ್ತನೆಯ ಟ್ಯೂಬ್ ಹಾಕಿದವರು, ಯಂತ್ರ ಮೊದಲ ಬಾರಿ ಚೆನ್ನಾಗಿ ಬಿಸಿಯಾಗಿ ಓಡಿದ ಮೇಲೆ ಅದನ್ನು ನಿಲ್ಲಿಸಿ, ಟ್ಯೂಬ್ ಇನ್ನೂ ಬೆಚ್ಚಗಿರುವಾಗಲೇ ಪ್ರತಿ ಕಾಲರನ್ನೂ ಬೆರಳಿನಿಂದ ಮತ್ತೊಮ್ಮೆ ತಿರುಗಿಸಿ ನೋಡಿ. ಕೆಲವು ಕಾಲರ್‌ಗಳು ಇನ್ನೂ ಸ್ವಲ್ಪ ಒಳಗೆ ಸರಿಯುತ್ತವೆ.